ಹಿಮವಿಲ್ಲದ ನಾಡಿನಿಂದ ಹಿಮದ ಓಟಕ್ಕೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಹಿಮ ಎಂಬ ಮಾತಿಗೆ ಇರುವುದು ಎರಡೇ ಅರ್ಥ. ಒಂದು, ಮಾಗಿಯ ಬೆಳಗ್ಗೆ ತೆಂಗಿನ ತೋಟದ ಮೇಲೆ ಕವಿದು ಬಿಸಿಲೇರುವ ಹೊತ್ತಿಗೆ ಕರಗುವ ಮಂಜು. ಇನ್ನೊಂದು, ಗೋಡೆಯ ಕ್ಯಾಲೆಂಡರಿನಲ್ಲಿ ಶಿವನ ಬೆನ್ನ ಹಿಂದೆ ಕಾಣುವ ಕೈಲಾಸ. ದಂಡಿನಶಿವರದಲ್ಲಿ ಹುಟ್ಟಿ ಬೆಳೆದ ಹುಡುಗಿಯೊಬ್ಬಳು ಹಿಮದ ಮೇಲೆ ನಡೆದಾಳು ಎಂದರೆ ಕೇಳಿದವರು ನಕ್ಕಾರು. ಓಡಿ ಪದಕ ಗೆದ್ದಾಳು ಎಂದರೆ ನಗುವುದಕ್ಕೂ ಹೋಗಲಾರರು.

ಆದರೆ ಇಂಥದ್ದೇ ಒಂದು ಸಂಗತಿ ನಮ್ಮ ರಾಜ್ಯದಲ್ಲೇ ನಡೆದಿದೆ. 2025ರಲ್ಲಿ ದಕ್ಷಿಣ ಅಮೆರಿಕದ ಚಿಲಿ ದೇಶದ ಕೊರಾಲ್ಕೊ ಎಂಬಲ್ಲಿ ನಡೆದ ಅಂತರರಾಷ್ಟ್ರೀಯ ಕ್ರಾಸ್ ಕಂಟ್ರಿ ಸ್ಕೀಯಿಂಗ್ ಸ್ಪರ್ಧೆಯಲ್ಲಿ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಕಂಚಿನ ಪದಕ ಗೆದ್ದರು. ಈ ಆಟದಲ್ಲಿ ಭಾರತದ ಮಹಿಳೆಯೊಬ್ಬರಿಗೆ ಬಂದ ಮೊದಲ ಅಂತರರಾಷ್ಟ್ರೀಯ ಪದಕ ಅದು. ಹಿಮ ಬೀಳುವ ಕಾಶ್ಮೀರಕ್ಕೆ ಅಥವಾ ಹಿಮಾಚಲಕ್ಕೆ ಬಾರದೆ, ಕಾಫಿ ತೋಟದ ಕೊಡಗಿಗೆ ಆ ಪದಕ ಬಂದದ್ದು ಹೇಗೆ? ಸ್ಕೀಯಿಂಗ್ ಎಂದ ಕೂಡಲೇ ಟಿ.ವಿ.ಯಲ್ಲಿ ಕಾಣುವುದು ಬೆಟ್ಟದಿಂದ ಗುಂಡಿನಂತೆ ಧುಮುಕುವ ಓಟ. ನಮ್ಮವರಿಗೆ ಪದಕ ಬಂದದ್ದು ಆ ಓಟದಲ್ಲಿ ಅಲ್ಲ, ಹಿಮದ ಬಯಲಿನ ದೂರದ ಓಟದಲ್ಲಿ. ಅದೇಕೆ ಎಂಬುದನ್ನು ತಿಳಿಯಬೇಕಾದರೆ ಮೊದಲು ಈ ಎರಡು ಆಟಗಳ ವ್ಯತ್ಯಾಸವನ್ನು ನೋಡಬೇಕು.

ಇಳಿಯುವ ಆಟ, ನಡೆಯುವ ಆಟ

ಸ್ಕೀ ಎಂಬುದು ನಾರ್ವೆ ಕಡೆಯ ಹಳೆಯ ಮಾತು. ಸೀಳಿದ ಕಟ್ಟಿಗೆಯ ತುಂಡು ಎಂದು ಅದರ ಮೂಲ ಅರ್ಥ. ಆರು ತಿಂಗಳು ಹಿಮ ಮುಚ್ಚಿರುವ ಊರುಗಳಲ್ಲಿ ಕಾಲು ಹೂತುಹೋಗದಂತೆ ಜನ ಉದ್ದನೆಯ ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು ಬೇಟೆಗೆ, ಸೌದೆಗೆ, ನೆಂಟರ ಮನೆಗೆ ಹೋಗುತ್ತಿದ್ದರು. ನಮ್ಮಲ್ಲಿ ಎತ್ತಿನ ಗಾಡಿ ಹೇಗೋ ಅಲ್ಲಿ ಸ್ಕೀ ಹಾಗೆ. ಹೀಗೆ ಸಂಚಾರಕ್ಕೆಂದು ಹುಟ್ಟಿದ ನಡಿಗೆಯೇ ಮುಂದೆ ಕ್ರಾಸ್ ಕಂಟ್ರಿ ಸ್ಪರ್ಧೆಯಾಯಿತು. ಇದರಲ್ಲಿ ಹಲಗೆ ಹಗುರ. ಬೂಟಿನ ತುದಿ ಮಾತ್ರ ಹಲಗೆಗೆ ಸಿಕ್ಕಿರುತ್ತದೆ, ಹಿಮ್ಮಡಿ ಎತ್ತಲು ಬರುತ್ತದೆ. ಎರಡು ಕೈಯಲ್ಲಿ ಎರಡು ಕೋಲು. ಏರು, ಇಳಿಜಾರು, ಸಮತಟ್ಟು ಮೂರೂ ಇರುವ ದಾರಿಯಲ್ಲಿ ಸ್ವಂತ ಬಲದಿಂದಲೇ ಸಾಗಬೇಕು.

ಇನ್ನೊಂದು ಆಲ್ಪೈನ್ ಸ್ಕೀಯಿಂಗ್. ಯೂರೋಪಿನ ಆಲ್ಪ್ಸ್ ಪರ್ವತದಿಂದ ಬಂದ ಹೆಸರು. ಇಲ್ಲಿ ಹಿಮ್ಮಡಿಯೂ ಹಲಗೆಗೆ ಬಿಗಿದಿರುತ್ತದೆ. ಏರುವ ಪ್ರಶ್ನೆಯೇ ಇಲ್ಲ, ಯಂತ್ರದ ತೊಟ್ಟಿಲು ಮೇಲಕ್ಕೆ ಒಯ್ಯುತ್ತದೆ, ಅಲ್ಲಿಂದ ಕೆಳಗೆ ಜಾರಬೇಕು. ಇದರಲ್ಲೂ ಎರಡು ಬಗೆ. ನೆಟ್ಟ ಕಂಬಗಳ ನಡುವೆ ಅತ್ತಿತ್ತ ತಿರುಗುತ್ತ ಇಳಿಯುವ ಸ್ಲಾಲಮ್ ಮತ್ತು ಜೈಂಟ್ ಸ್ಲಾಲಮ್ ಚಾಕಚಕ್ಯತೆಯ ಆಟಗಳು. ಡೌನ್‌ಹಿಲ್ ಮತ್ತು ಸೂಪರ್ ಜಿ ವೇಗದ ಆಟಗಳು.

ಡೌನ್‌ಹಿಲ್ ಎಂಥದ್ದು ಎಂಬುದನ್ನು ನಮ್ಮ ಅಳತೆಯಲ್ಲಿ ಹೇಳುವುದಾದರೆ ಹೀಗೆ: ಮಹಿಳೆಯರ ಸ್ಪರ್ಧೆಯಲ್ಲಿ ಮೇಲಿನ ತುದಿಗೂ ಕೆಳಗಿನ ತುದಿಗೂ ನಡುವಿನ ಎತ್ತರ 700 ಮೀಟರ್ ಎಂದಿಟ್ಟುಕೊಳ್ಳಿ. ಅರವತ್ತು ಅಡಿಯ ತೆಂಗಿನ ಮರಗಳನ್ನು ಒಂದರ ಮೇಲೊಂದು ನಿಲ್ಲಿಸಿದರೆ ನಲವತ್ತರ ಹತ್ತಿರ ಮರಗಳು ಬೇಕು. ಅಷ್ಟೆತ್ತರವನ್ನು ಸುಮಾರು ಒಂದೂವರೆ ನಿಮಿಷದಲ್ಲಿ ಇಳಿದುಬಿಡಬೇಕು. ವೇಗ ಗಂಟೆಗೆ 120 ಕಿಲೋಮೀಟರ್ ದಾಟುತ್ತದೆ. ತುಮಕೂರು–ಶಿವಮೊಗ್ಗ ಹೆದ್ದಾರಿಯಲ್ಲಿ ಕಾರು ಆ ವೇಗದಲ್ಲಿ ಹೋದರೆ ಒಳಗಿದ್ದವರು ಚಾಲಕನಿಗೆ ಬಯ್ಯುತ್ತಾರೆ. ಇಲ್ಲಿ ಕಾರೂ ಇಲ್ಲ, ಬ್ರೇಕೂ ಇಲ್ಲ, ಇರುವುದು ತಲೆಯ ಮೇಲೊಂದು ಹೆಲ್ಮೆಟ್, ಕಾಲಿಗೆ 210 ಸೆಂಟಿಮೀಟರಿಗೆ ಕಡಿಮೆ ಇಲ್ಲದ ಎರಡು ಹಲಗೆ. ಗೆಲುವು ಸೋಲು ತೀರ್ಮಾನವಾಗುವುದು ಸೆಕೆಂಡಿನ ನೂರನೇ ಒಂದು ಪಾಲಿನ ಲೆಕ್ಕದಲ್ಲಿ.

ಮದರಾಸಿನಲ್ಲಿ ಹುಟ್ಟಿದವರ ಕೊಡುಗೆ

ಈ ಇಳಿಜಾರಿನ ಓಟಕ್ಕೆ ನಿಯಮ ಕಟ್ಟಿಕೊಟ್ಟವರಲ್ಲಿ ಮುಖ್ಯರಾದ ಆರ್ನಾಲ್ಡ್ ಲನ್ ಹುಟ್ಟಿದ್ದು ನಮ್ಮ ನೆರೆಯ ಮದರಾಸಿನಲ್ಲಿ, 1888ರಲ್ಲಿ. ತಂದೆ ಇಂಗ್ಲೆಂಡಿನಿಂದ ಬಂದಿದ್ದ ಮಿಷನರಿ. ಮಗ ಬೆಳೆದ ಮೇಲೆ ಸ್ವಿಟ್ಜರ್ಲೆಂಡಿನ ಮ್ಯೂರೆನ್ ಎಂಬ ಬೆಟ್ಟದ ಊರಿನಲ್ಲಿ 1922ರಲ್ಲಿ ಕಂಬಗಳನ್ನು ನೆಟ್ಟು ಆಧುನಿಕ ಸ್ಲಾಲಮ್ ಓಟಕ್ಕೆ ರೂಪ ಕೊಟ್ಟರು. 1931ರಲ್ಲಿ ಅದೇ ಊರಿನಲ್ಲಿ ಆಲ್ಪೈನ್ ಸ್ಕೀಯಿಂಗಿನ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು.

ಗಮನಿಸಬೇಕಾದ ವಿಷಯವೆಂದರೆ, ಆ ಮೊದಲ ಕೂಟದಲ್ಲೇ ಮಹಿಳೆಯರಿಗೂ ಸ್ಪರ್ಧೆ ಇತ್ತು. ಬ್ರಿಟನ್ನಿನ ಎಸ್ಮಿ ಮೆಕಿನನ್ ಡೌನ್‌ಹಿಲ್ ಮತ್ತು ಸ್ಲಾಲಮ್ ಎರಡನ್ನೂ ಗೆದ್ದರು. ಒಲಿಂಪಿಕ್ಸಿನಲ್ಲಿ ಮಹಿಳೆಯರ ಡೌನ್‌ಹಿಲ್ ಪ್ರತ್ಯೇಕ ಸ್ಪರ್ಧೆಯಾಗಿ ಬಂದದ್ದು 1948ರಲ್ಲಿ. ಸ್ವಿಟ್ಜರ್ಲೆಂಡಿನ ಹೇಡಿ ಶ್ಲುನೆಗರ್ ಮೊದಲ ಚಿನ್ನ ಗೆದ್ದರು. ಕ್ರಾಸ್ ಕಂಟ್ರಿ ಓಟ ಪುರುಷರಿಗೆ 1924ರಿಂದಲೇ ಇದ್ದರೂ ಮಹಿಳೆಯರಿಗೆ ಬಾಗಿಲು ತೆರೆದದ್ದು 1952ರ ಓಸ್ಲೋ ಒಲಿಂಪಿಕ್ಸಿನಲ್ಲಿ. ಹತ್ತು ಕಿಲೋಮೀಟರ್ ದೂರವನ್ನು ಹೆಂಗಸರು ತಾಳಿಯಾರೇ ಎಂಬ ಅನುಮಾನ ಕಳೆಯಲು ಅಷ್ಟು ವರ್ಷ ಹಿಡಿಯಿತು!

ಕ್ಲೈನಾರ್ಲಿನ ರೈತನ ಮಗಳು

ವೇಗದ ಸ್ಕೀಯಿಂಗಿನಲ್ಲಿ ಚಾಂಪಿಯನ್ ಆಗುವುದು ಹೇಗೆ ಎಂಬುದಕ್ಕೆ ಆಸ್ಟ್ರಿಯದ ಆನ್‌ಮಾರಿ ಮೋಸರ್ ಪ್ರೋಲ್ ಅವರ ಜೀವನಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಇವರು 1953ರಲ್ಲಿ ಸಾಲ್ಸ್‌ಬರ್ಗ್ ಪ್ರಾಂತದ ಕ್ಲೈನಾರ್ಲ್ ಎಂಬ ಸಣ್ಣ ಹಳ್ಳಿಯಲ್ಲಿ ರೈತ ಕುಟುಂಬದಲ್ಲಿ ಹುಟ್ಟಿದರು. ನಮ್ಮ ಮಕ್ಕಳು ಮನೆಯ ಹಿಂದಿನ ತೋಟದಲ್ಲಿ ಗರಿ ಎಳೆದು ಆಡುವಂತೆ ಅಲ್ಲಿನ ಮಕ್ಕಳು ಮನೆಯ ಹಿಂದಿನ ಇಳಿಜಾರಿನಲ್ಲಿ ಜಾರುತ್ತಾರೆ. ಪ್ರೋಲ್ ಕೂಡ ತೀರ ಎಳೆಯ ಪ್ರಾಯದಲ್ಲೇ ಹಲಗೆ ಕಟ್ಟಿದವರು.

1968ರಲ್ಲಿ, 14 ವರ್ಷದವರಿದ್ದಾಗ, ಬಾಡ್ ಗಾಸ್ಟೈನ್‌ನ ವಿಶ್ವ ಕಪ್ ಡೌನ್‌ಹಿಲ್ಲಿನಲ್ಲಿ ಇವರು ಮೊದಲ ಬಾರಿ ಓಡಿದರು. ಬಂದದ್ದು ಕೊನೆಯ ಸ್ಥಾನ. ಎರಡು ವರ್ಷ ಕಳೆಯುವುದರೊಳಗೆ ಮೊದಲ ವಿಶ್ವ ಕಪ್ ಗೆಲುವು. 1971ರಿಂದ 1975ರವರೆಗೆ ಸತತ ಐದು ಬಾರಿ ಒಟ್ಟಾರೆ ವಿಶ್ವ ಕಪ್ ಅವರದೇ. 1972ರ ಕೊನೆಯಿಂದ 1974ರ ಆರಂಭದವರೆಗೆ ಸಾಲಾಗಿ 11 ಡೌನ್‌ಹಿಲ್ ಓಟ ಗೆದ್ದರು.

ಒಲಿಂಪಿಕ್ಸ್ ಮಾತ್ರ ಕೈಗೆ ಸಿಗದೆ ಸತಾಯಿಸಿತು. 1972ರ ಸಪ್ಪೊರೊ ಕೂಟದ ಡೌನ್‌ಹಿಲ್ಲಿನಲ್ಲಿ ಸ್ವಿಟ್ಜರ್ಲೆಂಡಿನ ಮರಿ ತೆರೇಸ್ ನಾಡಿಗ್ ಅವರಿಗಿಂತ 0.32 ಸೆಕೆಂಡ್ ಹಿಂದೆ ಬಿದ್ದು ಬೆಳ್ಳಿಗೆ ತೃಪ್ತಿಪಟ್ಟರು. ಜೈಂಟ್ ಸ್ಲಾಲಮಿನಲ್ಲೂ ಹಾಗೇ ಆಯಿತು. ಮುಂದಿನ ಕೂಟ 1976ರಲ್ಲಿ, ಅದೂ ತಮ್ಮದೇ ದೇಶದ ಇನ್ಸ್‌ಬ್ರುಕ್‌ನಲ್ಲಿ. ಚಿನ್ನ ಅವರದೇ ಎಂದು ದೇಶವೇ ಎಣಿಸಿತ್ತು. ಆದರೆ ಅವರು 1975ರಲ್ಲೇ ಆಟ ಬಿಟ್ಟರು. ತಂದೆಗೆ ಶ್ವಾಸಕೋಶದ ಕ್ಯಾನ್ಸರ್. ಹಾಸಿಗೆ ಹಿಡಿದ ತಂದೆಯ ಆರೈಕೆಗೆ ಮಗಳು ಮನೆಯಲ್ಲಿ ನಿಂತರು. ಹೆತ್ತವರಿಗಾಗಿ ಓದು ಬಿಟ್ಟ, ಕೆಲಸ ಬಿಟ್ಟ ಹೆಣ್ಣುಮಕ್ಕಳನ್ನು ಕಂಡಿರುವ ನಮ್ಮ ಹಳ್ಳಿಗಳಿಗೆ ಈ ಕಥೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ವಿಶೇಷವಿರುವುದು ಮುಂದೆ. ತಂದೆ ತೀರಿಕೊಂಡ ಮೇಲೆ ಅವರು ಮತ್ತೆ ಹಲಗೆ ಕಟ್ಟಿದರು. 1979ರಲ್ಲಿ ಆರನೇ ಬಾರಿಗೆ ಒಟ್ಟಾರೆ ವಿಶ್ವ ಕಪ್ ಗೆದ್ದರು. 1980ರ ಲೇಕ್ ಪ್ಲಾಸಿಡ್ ಒಲಿಂಪಿಕ್ಸಿನಲ್ಲಿ ಕೊನೆಗೂ ಡೌನ್‌ಹಿಲ್ ಚಿನ್ನ ಬಂತು. ಎಂಟು ವರ್ಷದ ಹಿಂದೆ ಸೋಲಿಸಿದ್ದ ನಾಡಿಗ್ ಈ ಬಾರಿ ಮೂರನೆಯವರು. ಅದೇ ವರ್ಷ ಪ್ರೋಲ್ ನಿವೃತ್ತರಾದರು. ಅವರ 62 ವಿಶ್ವ ಕಪ್ ಗೆಲುವುಗಳ ಮಹಿಳಾ ದಾಖಲೆಯನ್ನು ಅಮೆರಿಕದ ಲಿಂಡ್ಸೆ ವಾನ್ ಮುರಿಯಲು 2015ರ ಜನವರಿಯೇ ಬರಬೇಕಾಯಿತು.

ಕೊನೆಯ ಸ್ಥಾನದಿಂದ ಚಿನ್ನದವರೆಗೆ ಹನ್ನೆರಡು ವರ್ಷ. ನಡುವೆ ಆಟ ಬಿಟ್ಟು ಮನೆಯಲ್ಲಿ ಕುಳಿತ ಕಾಲವೂ ಉಂಟು. ಇದು ಸಾಧ್ಯವಾದದ್ದು ಅವರ ಛಲದಿಂದ, ನಿಜ. ಆದರೆ ಅಷ್ಟರಿಂದಲೇ ಅಲ್ಲ. ಸೋತವರು ಮರುದಿನ ಮತ್ತೆ ಹೋಗಿ ಜಾರಲು ಬಾಗಿಲಲ್ಲೇ ಬೆಟ್ಟವಿತ್ತು, ಬಿಟ್ಟವರು ಮರಳಿ ಬಂದರೆ ಸೇರಿಸಿಕೊಳ್ಳಲು ತಂಡವಿತ್ತು.

ಬೆಟ್ಟವಿದ್ದೂ ದಾರಿ ಇಲ್ಲದ ದೇಶ

ಈಗ ನಮ್ಮ ದೇಶದ ಲೆಕ್ಕ ನೋಡೋಣ. ಚಳಿಗಾಲದ ಒಲಿಂಪಿಕ್ಸಿನಲ್ಲಿ ಭಾರತದ ಪರ ಮೊದಲು ಇಳಿದವರು ಪೋಲೆಂಡ್ ಮೂಲದ ಜೆರೆಮಿ ಬುಯಾಕೋವ್‌ಸ್ಕಿ, 1964ರಲ್ಲಿ. 1968ರಲ್ಲೂ ಅವರೇ. ಮೊದಲ ಮಹಿಳೆ ಬಂದದ್ದು 1988ರಲ್ಲಿ. ಕೆನಡಾದ ಕ್ಯಾಲ್ಗರಿ ಕೂಟದಲ್ಲಿ ಶೈಲಜಾ ಕುಮಾರ್ ಸ್ಲಾಲಮ್ ಓಡಿದರು. ಬಿದ್ದು, ಕಂಬ ತಪ್ಪಿ ಅನೇಕರು ಹೊರಬಿದ್ದ ಆ ಓಟವನ್ನು ಪೂರ್ತಿ ಮುಗಿಸಿ 28ನೆಯವರಾದರು. ಮುಗಿಸಿದವರಲ್ಲಿ ಅದೇ ಕೊನೆಯ ಸ್ಥಾನ.

ಪ್ರೋಲ್ ಅವರೂ ಕೊನೆಯ ಸ್ಥಾನದಿಂದಲೇ ಆರಂಭಿಸಿದವರು ಎಂಬುದನ್ನು ಇಲ್ಲಿ ನೆನೆಯಬೇಕು. ಆಸ್ಟ್ರಿಯದಲ್ಲಿ ಕೊನೆಯ ಸ್ಥಾನ ಎಂದರೆ ಮೊದಲ ಮೆಟ್ಟಿಲು. ಭಾರತದಲ್ಲಿ ಎರಡನೇ ಮೆಟ್ಟಿಲನ್ನು ಕಟ್ಟಿದವರೇ ಇರಲಿಲ್ಲ. ಶೈಲಜಾ ಅವರ ನಂತರ ಇನ್ನೊಬ್ಬ ಭಾರತೀಯ ಮಹಿಳೆ, ನೇಹಾ ಅಹುಜಾ, ಒಲಿಂಪಿಕ್ಸಿನ ಇಳಿಜಾರಿಗೆ ಬಂದದ್ದು 2006ರ ಟ್ಯೂರಿನ್ ಕೂಟದಲ್ಲಿ. ಅಂದರೆ ಹದಿನೆಂಟು ವರ್ಷದ ಮೇಲೆ. 2018ರಲ್ಲಿ ಮನಾಲಿ ಕಡೆಯ ಆಂಚಲ್ ಠಾಕೂರ್ ಟರ್ಕಿಯ ಎರ್ಜುರುಮ್‌ನಲ್ಲಿ ಸ್ಲಾಲಮ್ ಕಂಚು ಗೆದ್ದಾಗ ಸ್ಕೀಯಿಂಗಿನಲ್ಲಿ ಭಾರತಕ್ಕೆ ಮೊದಲ ಅಂತರರಾಷ್ಟ್ರೀಯ ಪದಕ ಬಂತೆಂದು ದೇಶವೆಲ್ಲ ಸಂಭ್ರಮಿಸಿತು.

ಜಗತ್ತಿನ ಅತಿ ಎತ್ತರದ ಪರ್ವತಗಳನ್ನು ಇಟ್ಟುಕೊಂಡ ದೇಶಕ್ಕೆ ಇದೇಕೆ ಹೀಗೆ? ಉತ್ತರ ಸರಳ. ಡೌನ್‌ಹಿಲ್ ಓಟಕ್ಕೆ ಬೆಟ್ಟ, ಹಿಮ ಇದ್ದರೆ ಸಾಲದು. ಕಿಲೋಮೀಟರ್‌ಗಟ್ಟಲೆ ಉದ್ದದ ಇಳಿಜಾರನ್ನು ಯಂತ್ರದಿಂದ ಒತ್ತಿ, ನೀರು ಹಾಯಿಸಿ ಗಟ್ಟಿ ಮಾಡಬೇಕು. ಇಕ್ಕೆಲಗಳಲ್ಲಿ ಬಿದ್ದವರನ್ನು ತಡೆಯುವ ಬಲೆ ಕಟ್ಟಬೇಕು. ದಿನಕ್ಕೆ ಹತ್ತು ಬಾರಿ ಮೇಲಕ್ಕೆ ಒಯ್ಯುವ ವ್ಯವಸ್ಥೆ ಬೇಕು, ಮೂಳೆ ಮುರಿದರೆ ಕೂಡಲೇ ಒಯ್ಯಲು ವೈದ್ಯರು ಬೇಕು. ಇಷ್ಟೆಲ್ಲ ಇರುವ ಕಡೆ ವರ್ಷದ ಹಲವು ತಿಂಗಳು ಇದ್ದರೆ ಮಾತ್ರ ವೇಗದ ಆಟಗಾರ್ತಿ ತಯಾರಾಗುತ್ತಾಳೆ. ಗುಲ್ಮಾರ್ಗ್, ಔಲಿಗಳಂಥ ಒಳ್ಳೆಯ ತಾಣಗಳಲ್ಲೂ ನಮಗೆ ಸಿಗುವ ಕಾಲ ಚಳಿಗಾಲದ ಕೆಲವೇ ವಾರ.

ತಾರು ರಸ್ತೆಯ ಉಪಾಯ

ಇಲ್ಲಿಯೇ ಕ್ರಾಸ್ ಕಂಟ್ರಿ ಓಟ ಬೇರೆಯಾಗುವುದು. ಈ ಆಟಕ್ಕೆ ಮುಖ್ಯವಾಗಿ ಬೇಕಾದದ್ದು ಹೃದಯ, ಶ್ವಾಸಕೋಶಗಳ ಶಕ್ತಿ ಮತ್ತು ತೋಳು, ತೊಡೆಗಳ ತಾಳ್ಮೆ. ಇವನ್ನು ಬೆಳೆಸಲು ಹಿಮವೇ ಬೇಕೆಂದಿಲ್ಲ. ಯೂರೋಪಿನ ಘಟಾನುಘಟಿಗಳು ಕೂಡ ಬೇಸಿಗೆಯಲ್ಲಿ ಗಾಲಿ ಹಚ್ಚಿದ ಗಿಡ್ಡ ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು ತಾರು ರಸ್ತೆಯ ಮೇಲೆ ಓಡುತ್ತಾರೆ. ಅದಕ್ಕೆ ರೋಲರ್ ಸ್ಕೀ ಎಂದು ಹೆಸರು. ಕೋಲು ಊರುವ ರೀತಿ, ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟಿಸುವ ರೀತಿ ಎಲ್ಲ ಹಿಮದ ಮೇಲಿನಂತೆಯೇ.

ಗಾಲಿಯ ಉಪಾಯ ಭಾರತೀಯರಿಗೆ ಹೊಸದೂ ಅಲ್ಲ. 1998ರಿಂದ 2018ರವರೆಗೆ ಆರು ಚಳಿಗಾಲದ ಒಲಿಂಪಿಕ್ಸ್ ಕಂಡ ಶಿವ ಕೇಶವನ್ ಹಿಮಗಾಡಿಗೆ ಗಾಲಿ ಹಾಕಿ, ಹಿಮಾಲಯದ ರಸ್ತೆಗಳಲ್ಲಿ ಲಾರಿಗಳ ನಡುವೆ ಅಭ್ಯಾಸ ಮಾಡಿದವರು. ಅವರದು ಲೂಜ್ ಎಂಬ ಬೇರೆ ಆಟ. ಆದರೆ ಅದರ ಪಾಠ ಇಲ್ಲಿಗೂ ಹೊಂದುತ್ತದೆ. ಹಿಮ ಇಲ್ಲದ ಕಡೆಯವರು ಹಿಮದ ಆಟಕ್ಕೆ ಹೋಗಬೇಕಾದರೆ, ವರ್ಷದ ಹೆಚ್ಚು ಭಾಗ ಹಿಮವಿಲ್ಲದೆಯೇ ಕಲಿಯಬಹುದಾದ ಆಟವನ್ನು ಹಿಡಿಯುವುದು ಜಾಣತನ. ಕರ್ನಾಟಕದ ಪದಕ ಡೌನ್‌ಹಿಲ್ಲಿನಲ್ಲಿ ಬಾರದೆ ಕ್ರಾಸ್ ಕಂಟ್ರಿಯಲ್ಲಿ ಬಂದುದರಲ್ಲಿ ಆಶ್ಚರ್ಯವಿಲ್ಲ.

ಕೊರಾಲ್ಕೊದ 21 ನಿಮಿಷ

ಭವಾನಿ ಅವರ ಹೆಸರಿನಲ್ಲಿರುವ ತೆಕ್ಕಡ ಎಂಬುದು ಕೊಡವರ ಮನೆತನದ ಹೆಸರು. ಅವರ ಜಿಲ್ಲೆಯಲ್ಲಿ ಹಿಮ ಬೀಳುವುದಿಲ್ಲ. ಅಲ್ಲಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್ 1,748 ಮೀಟರ್. ಆದರೆ ಆಟವನ್ನು ಮನೆಯ ಮಾತಾಗಿ ಮಾಡಿಕೊಂಡ ನಾಡು ಅದು. ಮನೆತನಗಳ ನಡುವೆ ಹಾಕಿ ಪಂದ್ಯಾವಳಿ 1997ರಿಂದ ಅಲ್ಲಿ ನಡೆದುಬಂದಿದೆ. ಓಟಗಾರ್ತಿ ಅಶ್ವಿನಿ ನಾಚಪ್ಪ ಅಲ್ಲಿಯವರು. ಹೆಣ್ಣುಮಗಳು ಮೈದಾನಕ್ಕೆ ಇಳಿದರೆ ಹುಬ್ಬು ಗಂಟಿಕ್ಕದ ವಾತಾವರಣ ಭವಾನಿ ಅವರಿಗೆ ಹುಟ್ಟಿನಿಂದ ಸಿಕ್ಕಿತ್ತು ಎನ್ನಬಹುದು. ಎನ್‌ಸಿಸಿ ಮತ್ತು ಪರ್ವತಾರೋಹಣದ ದಾರಿಯಿಂದ ಅವರು ಹಿಮದ ಕಡೆಗೆ ಹೋದರು.

2020ರಲ್ಲಿ ಆರಂಭವಾದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ಇಂಥವರಿಗೆ ಒಂದು ವೇದಿಕೆ ಒದಗಿಸಿತು. 2024ರ ಗುಲ್ಮಾರ್ಗ್ ಕೂಟದಲ್ಲಿ ಭವಾನಿ ಕರ್ನಾಟಕಕ್ಕೆ ಚಿನ್ನ ತಂದರು. 2025ರ ಫೆಬ್ರುವರಿಯಲ್ಲಿ ಚೀನಾದ ಹಾರ್ಬಿನ್‌ನಲ್ಲಿ ನಡೆದ ಏಷ್ಯನ್ ಚಳಿಗಾಲದ ಕ್ರೀಡಾಕೂಟದ ಭಾರತ ತಂಡದಲ್ಲಿ ಅವರಿದ್ದರು. ಮುಂದಿನ ನಿಲ್ದಾಣ ಚಿಲಿ.

ಮಳೆಗಾಲದಲ್ಲಿ ಚಿಲಿಗೆ ಏಕೆ ಎಂದು ಕೇಳಬಹುದು. ಭೂಮಧ್ಯರೇಖೆಯ ಆಚೆ ಋತುಗಳು ತಿರುವುಮುರುವು. ನಮ್ಮಲ್ಲಿ ಆಷಾಢ, ಶ್ರಾವಣ ಇರುವಾಗ ಅಲ್ಲಿ ನಡು ಚಳಿಗಾಲ. ಹಿಮದ ಮೇಲೆ ವರ್ಷಕ್ಕೆ ಹೆಚ್ಚು ದಿನ ಓಡಬೇಕೆಂದರೆ ಚಳಿಗಾಲವನ್ನು ಬೆನ್ನಟ್ಟಿ ಭೂಗೋಳವನ್ನೇ ದಾಟಬೇಕು. ಕೊರಾಲ್ಕೊ ಲೊಂಕಿಮೈ ಎಂಬ ಜ್ವಾಲಾಮುಖಿ ಪರ್ವತದ ಮಗ್ಗುಲಲ್ಲಿರುವ ಸ್ಕೀಯಿಂಗ್ ತಾಣ.

ಅಲ್ಲಿ ನಡೆದದ್ದು ಐದು ಕಿಲೋಮೀಟರ್ ಓಟ. ಎಲ್ಲರೂ ಒಟ್ಟಿಗೆ ಹೊರಡುವುದಿಲ್ಲ. ಒಬ್ಬರ ಹಿಂದೆ ಒಬ್ಬರನ್ನು ನಿಗದಿತ ಅಂತರದಲ್ಲಿ ಬಿಡುತ್ತಾರೆ. ಹೀಗಾಗಿ ಪಕ್ಕದಲ್ಲಿ ಓಡುವವರನ್ನು ನೋಡಿ ವೇಗ ಹೊಂದಿಸಿಕೊಳ್ಳುವಂತಿಲ್ಲ, ಗಡಿಯಾರವೇ ಎದುರಾಳಿ. ಹಲಗೆಯನ್ನು ನೇರ ಗೆರೆಯಲ್ಲಿ ಸರಿಸುವುದು ಹಳೆಯ ಶೈಲಿ. ಇದು ಸ್ವತಂತ್ರ ಶೈಲಿಯ ಓಟ. ಹಲಗೆಗಳನ್ನು ಹೊರಮುಖವಾಗಿ ಒತ್ತಿ ಒತ್ತಿ ಮುಂದೆ ಚಿಮ್ಮಬೇಕು. ಹಲಗೆಯ ತಳಕ್ಕೆ ಯಾವ ಮೇಣ ಬಳಿಯಬೇಕೆಂಬುದನ್ನು ಆ ದಿನದ ಹಿಮದ ಉಷ್ಣತೆ ನೋಡಿ ತೀರ್ಮಾನಿಸಬೇಕು. ಮೇಣ ತಪ್ಪಿದರೆ ಎಷ್ಟು ಬಲವಿದ್ದರೂ ಹಲಗೆ ಸಾಗದು.

ಭವಾನಿ ತೆಗೆದುಕೊಂಡ ಸಮಯ 21 ನಿಮಿಷ 4.9 ಸೆಕೆಂಡ್. ಸರಾಸರಿ ಲೆಕ್ಕ ಹಾಕಿದರೆ ಗಂಟೆಗೆ 14 ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಡೌನ್‌ಹಿಲ್ಲಿನ 120ರ ಮುಂದೆ ಇದೇನು ಎನ್ನಿಸೀತು. ಏರು ಸೇರಿದ ದಾರಿಯಲ್ಲಿ, ಬೆಟ್ಟದ ಚಳಿ ಗಾಳಿಯಲ್ಲಿ, ಕೈಕಾಲು ಎರಡನ್ನೂ ಒಂದು ಕ್ಷಣ ಬಿಡದೆ ದುಡಿಸಿ ಪಡೆದ ವೇಗ ಇದು. ಡೌನ್‌ಹಿಲ್ಲಿನಲ್ಲಿ ಭೂಮಿ ಎಳೆಯುತ್ತದೆ, ಇಲ್ಲಿ ತಾವೇ ಎಳೆಯಬೇಕು.

ಕಂಚಿನ ತೂಕ

ಈ ಕಂಚನ್ನು ಅದರ ತಕ್ಕಡಿಯಲ್ಲೇ ತೂಗಬೇಕು. ಇದು ವಿಶ್ವ ಕಪ್ ಅಲ್ಲ, ಒಲಿಂಪಿಕ್ಸೂ ಅಲ್ಲ. ಅಂತರರಾಷ್ಟ್ರೀಯ ಸ್ಕೀ ಫೆಡರೇಷನ್ ಪಟ್ಟಿಯಲ್ಲಿ ಜಗತ್ತಿನ ಅನೇಕ ಕಡೆ ನಡೆಯುವ ಓಟಗಳಲ್ಲಿ ಒಂದು. ನಾರ್ವೆ, ಸ್ವೀಡನ್ನಿನ ಅಗ್ರಗಣ್ಯರು ಅಲ್ಲಿರಲಿಲ್ಲ. ಆದರೆ ಇಂಥ ಓಟಗಳಿಂದಲೇ ಆಟಗಾರ್ತಿಗೆ ಅಂಕ ಬರುವುದು, ಆ ಅಂಕದಿಂದಲೇ ದೊಡ್ಡ ಕೂಟಗಳ ಬಾಗಿಲು ತೆರೆಯುವುದು. ಈ ಲೆಕ್ಕದಲ್ಲಿ ಅಂಕ ಕಡಿಮೆಯಿದ್ದಷ್ಟೂ ಒಳ್ಳೆಯದು. ಗೆದ್ದವರಿಗಿಂತ ಎಷ್ಟು ಹಿಂದೆ ಬಿದ್ದಿರಿ ಎಂಬುದರ ಮೇಲೆ, ಸ್ಪರ್ಧಿಗಳ ಮಟ್ಟದ ಮೇಲೆ ಅದು ನಿರ್ಧಾರವಾಗುತ್ತದೆ. ವರ್ಷಕ್ಕೊಂದು ಓಟ ಓಡಿದರೆ ಅಂಕ ಇಳಿಯದು, ಮತ್ತೆ ಮತ್ತೆ ಹೋಗಬೇಕು. ಮತ್ತೆ ಮತ್ತೆ ಹೋಗಲು ಹಣ ಬೇಕು. ವಿಮಾನದ ಖರ್ಚು, ಹಲಗೆ, ಮೇಣ, ತರಬೇತುದಾರರು ಎಲ್ಲಕ್ಕೂ ದಾರಿ ಹುಡುಕಬೇಕಾದವರು ಬಹಳ ಸಲ ಆಟಗಾರರೇ. ನಮ್ಮಲ್ಲಿ ಚಳಿಗಾಲದ ಕ್ರೀಡಾಪಟುಗಳು ಆಡಳಿತದ ಜಗಳಕ್ಕೂ ಬಲಿಯಾಗಿದ್ದಾರೆ. ಭಾರತ ಒಲಿಂಪಿಕ್ ಸಂಸ್ಥೆ ಅಮಾನತಾಗಿದ್ದರಿಂದ 2014ರ ಸೋಚಿ ಕೂಟದ ಉದ್ಘಾಟನೆಯಲ್ಲಿ ನಮ್ಮವರು ತ್ರಿವರ್ಣ ಧ್ವಜವಿಲ್ಲದೆ ನಡೆಯಬೇಕಾಯಿತು.

ಇಷ್ಟಕ್ಕೂ ತೆಂಗಿನ ಸೀಮೆಗೂ ಈ ಕಥೆಗೂ ಏನು ಸಂಬಂಧ? ಸಂಬಂಧ ಇದೆ. ದಂಡಿನಶಿವರದಿಂದ ಗುಲ್ಮಾರ್ಗ್ ಎಷ್ಟು ದೂರವೋ ಕೊಡಗಿನಿಂದಲೂ ಹೆಚ್ಚು ಕಡಿಮೆ ಅಷ್ಟೇ ದೂರ. ಹಿಮದ ವಿಷಯದಲ್ಲಿ ಎರಡೂ ಊರು ಸಮಾನ ಬಡವರು. ವ್ಯತ್ಯಾಸ ಇರುವುದು ಕಾಲೇಜಿನಲ್ಲಿ ಎನ್‌ಸಿಸಿ ಇದೆಯೇ, ಇದ್ದರೆ ಮಗಳನ್ನು ಕ್ಯಾಂಪಿಗೆ ಕಳಿಸುವರೇ, ಕಳಿಸಿದ ಮೇಲೆ ಮದುವೆಯ ಮಾತು ತೆಗೆಯದೆ ನಾಲ್ಕು ವರ್ಷ ಕಾಯುವರೇ ಎಂಬುದರಲ್ಲಿ. ರಾಜ್ಯದಲ್ಲಿ ಜನರಲ್ ತಿಮ್ಮಯ್ಯ ಅವರ ಹೆಸರಿನ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಡಾರ್ಜಿಲಿಂಗ್, ಉತ್ತರಕಾಶಿ, ಮನಾಲಿಗಳಲ್ಲಿ ಪರ್ವತಾರೋಹಣ ಸಂಸ್ಥೆಗಳಿವೆ, ಗುಲ್ಮಾರ್ಗ್‌ನಲ್ಲಿ ಸ್ಕೀಯಿಂಗ್ ಕಲಿಸುವ ಕೇಂದ್ರ ಸರ್ಕಾರದ ಸಂಸ್ಥೆ ಇದೆ. ಬಾಗಿಲುಗಳು ಇವೆ, ಅವು ಇವೆಯೆಂಬ ಸುದ್ದಿ ಹಳ್ಳಿಯ ಕಾಲೇಜಿಗೆ ಮುಟ್ಟುವುದು ಅಪರೂಪ.

ನಮ್ಮ ಕಡೆ ಕೊಬ್ಬರಿ ಅಟ್ಟದ ಮೇಲೆ ಒಂದು ವರ್ಷದ ಹತ್ತಿರ ಕಾಯುತ್ತದೆ. ದಿನಾ ಅಲ್ಲಾಡಿಸಿ ನೋಡಿದರೆ ಬೇಗ ಒಣಗುವುದಿಲ್ಲ ಎಂಬುದು ರೈತರಿಗೆಲ್ಲ ಗೊತ್ತು. ಕ್ರೀಡಾಪಟುವಿನ ವಿಷಯದಲ್ಲೂ ಆ ತಾಳ್ಮೆ ಬೇಕು. ಕ್ಲೈನಾರ್ಲಿನ ಹುಡುಗಿ ಕೊನೆಯವಳಾಗಿ ಬಂದಾಗ ಅವಳ ಊರು ಕಾಯಿತು. ಶೈಲಜಾ ಕೊನೆಯವರಾಗಿ ಬಂದಾಗ ದೇಶ ಹದಿನೆಂಟು ವರ್ಷ ಮರೆತಿತು. ಭವಾನಿ ಮೂರನೆಯವರಾಗಿ ಬಂದಿದ್ದಾರೆ. ಅವರ ಹಿಂದೆ ಇನ್ನೊಬ್ಬಳು ಕನ್ನಡದ ಹುಡುಗಿ ಹಲಗೆ ಕಟ್ಟಲು ಎಷ್ಟು ವರ್ಷ ಹಿಡಿಯುತ್ತದೆ ಎಂಬುದರ ಮೇಲೆ ಆ ಕಂಚಿನ ನಿಜವಾದ ಬೆಲೆ ನಿಂತಿದೆ.